ತುಳುವಿನ ‘ನೀರ್’ ಒಂದೇ ಪುಟದಲ್ಲಿ ಮೂರು ಬಗೆ ಆಗಬಾರದು

ಮಾನ್ಯ ಸಂಪಾದಕರೇ,

ಕರಾವಳಿಯ ಪತ್ರಿಕೆಗಳಲ್ಲಿ ತುಳು ಅಚ್ಚಾಗುವುದು ವಾರಕ್ಕೊಂದು ಅಂಕಣದಲ್ಲಿ ಮಾತ್ರವಲ್ಲ. ನಾಟಕದ ಜಾಹೀರಾತು, ದೈವದ ನೇಮದ ಆಮಂತ್ರಣ, ಸಿನಿಮಾ ಸುದ್ದಿ, ಸಭೆಯ ವರದಿಯೊಳಗೆ ಬರುವ ಎರಡು ಮಾತು, ಶ್ರದ್ಧಾಂಜಲಿ, ಹೀಗೆ ಎಲ್ಲ ಕಡೆ ತುಳು ಇದೆ. ಕೊಂಕಣಿಯೂ ಹಾಗೆಯೇ. ಆದರೆ ನೀರು ಎಂಬರ್ಥದ ತುಳು ಪದ ಒಂದು ಕಡೆ ‘ನೀರ್’, ಇನ್ನೊಂದು ಕಡೆ ‘ನೀರು’. ವಿಭಕ್ತಿ ಸೇರಿದಾಗ ‘ನೀರುಡು’, ‘ನೀರ್ಡ್’, ‘ನೀರ್‌ಡ್’ ಮೂರೂ ಕಾಣಸಿಗುತ್ತವೆ. ಮನೆ ಎಂಬ ಪದ ‘ಇಲ್ಲ್’, ‘ಇಲ್ಲು’, ‘ಇಲ್’. ಇದಕ್ಕೆ ಕರಡು ತಿದ್ದುವವರನ್ನು ದೂರಿ ಪ್ರಯೋಜನವಿಲ್ಲ. ಯಾವುದನ್ನು ಉಳಿಸಬೇಕು, ಯಾವುದನ್ನು ತಿದ್ದಬೇಕು ಎಂದು ಹೇಳುವ ಒಂದು ಕಾಗದ ಅವರ ಮೇಜಿನ ಮೇಲಿಲ್ಲ. ಆ ಕಾಗದವನ್ನು ಪತ್ರಿಕೆಯೇ ಸಿದ್ಧಪಡಿಸಿ ಓದುಗರ ಮುಂದೆ ಅಚ್ಚು ಹಾಕಬೇಕು ಎಂಬುದೇ ಈ ಪತ್ರದ ಕೋರಿಕೆ.

ತೊಡಕಿನ ಬೇರು ಒಂದು ಸಣ್ಣ ಸ್ವರ. ‘ಉ’ ಹೇಳುವಾಗ ತುಟಿ ದುಂಡಗಾಗುತ್ತದೆ. ನಾಲಿಗೆಯನ್ನು ಹೆಚ್ಚುಕಡಿಮೆ ಅಲ್ಲೇ ಇಟ್ಟು ತುಟಿಯನ್ನು ಮಾತ್ರ ಸಡಿಲ ಬಿಟ್ಟರೆ ತುಳುವಿನ ಅರೆ ಉಕಾರ ಬರುತ್ತದೆ. ನೀರ್, ಕಣ್ಣ್, ಇಲ್ಲ್, ಪತ್ತ್ (ಹತ್ತು) ಇವುಗಳ ಕೊನೆಯಲ್ಲಿ ಇರುವುದು ಈ ಸ್ವರ. ಊರು, ತುಳು, ಉಂಡು ಇವುಗಳ ಕೊನೆಯಲ್ಲಿ ಇರುವುದು ಪೂರ್ತಿ ಉಕಾರ. ಈ ಹಂಚಿಕೆ ಮನಬಂದಂತೆ ಆದದ್ದಲ್ಲ. ಹಿಂದಿನ ಅಕ್ಷರದಲ್ಲಿ ದುಂಡುತುಟಿಯ ಸ್ವರ ಇದ್ದರೆ ಕೊನೆಯದೂ ದುಂಡಾಗುವುದು ಸಾಮಾನ್ಯ ಒಲವು. ಪ್ರತ್ಯಯಗಳೂ ಹಾಗೆಯೇ ಹೊಂದಿಕೊಳ್ಳುತ್ತವೆ: ಊರಿನಲ್ಲಿ ಎನ್ನಲು ‘ಊರುಡು’, ನೀರಿನಲ್ಲಿ ಎನ್ನಲು ‘ನೀರ್‌ಡ್’. ತುಳುವರ ಕಿವಿಗೆ ಈ ಎರಡರ ವ್ಯತ್ಯಾಸ ತಪ್ಪುವುದಿಲ್ಲ. ಆದರೆ ಕನ್ನಡ ವರ್ಣಮಾಲೆಯಲ್ಲಿ ಅರೆ ಉಕಾರಕ್ಕೆ ಅಕ್ಷರವಿಲ್ಲ.

ಹಾಗಾಗಿ ಬರೆಯುವವರು ಇರುವ ಗುರುತುಗಳಲ್ಲಿ ಒಂದನ್ನು ಎರವಲು ತರುತ್ತಾರೆ. ಕೊಂಬು ಕೊಟ್ಟು ‘ನೀರು’, ‘ಕಣ್ಣು’ ಎಂದು ಬರೆಯುವುದು ಒಂದು ದಾರಿ. ಟೈಪು ಮಾಡಲು ಸುಲಭ, ಯಾವ ಅಕ್ಷರಶೈಲಿಯಲ್ಲೂ ಕೆಡುವುದಿಲ್ಲ. ಆದರೆ ಓದುಗರ ಕಣ್ಣಿಗೆ ಅದು ಕನ್ನಡ ಪದವೇ ಆಗಿಬಿಡುತ್ತದೆ. ಪುಸ್ತಕದಿಂದ ತುಳು ಕಲಿಯುವ ಮಗು ದುಂಡುತುಟಿಯಲ್ಲೇ ‘ನೀರು’ ಎಂದು ಓದುತ್ತದೆ, ಮನೆಯಲ್ಲಿ ಅಜ್ಜಿ ಹೇಳುವುದಕ್ಕೂ ಪುಸ್ತಕಕ್ಕೂ ತಾಳೆಯಾಗುವುದಿಲ್ಲ. ಎರಡನೆಯ ದಾರಿ, ವ್ಯಂಜನಕ್ಕೆ ಸ್ವರವಿಲ್ಲವೆಂದು ತೋರಿಸುವ ಹಲಂತದ ಗುರುತನ್ನೂ ಕೊಂಬಿನ ಮೇಲೆ ಸೇರಿಸುವುದು. ಶಾಸ್ತ್ರೀಯ ಬರಹಕ್ಕೆ ಅದು ನಿಖರ. ಆದರೆ ಒಂದೇ ಅಕ್ಷರಕ್ಕೆ ಕೊಂಬು ಮತ್ತು ಹಲಂತ ಎರಡೂ ಬರುತ್ತವೆ ಎಂದು ಕನ್ನಡದ ಅಕ್ಷರಶೈಲಿಗಳನ್ನು ಮಾಡಿದವರು ಎಣಿಸಿರಲಿಲ್ಲ. ಎಷ್ಟೋ ಕಡೆ ಗುರುತುಗಳು ಒಂದರ ಮೇಲೊಂದು ಬೀಳುತ್ತವೆ, ಇಲ್ಲವೇ ಚುಕ್ಕಿಚುಕ್ಕಿಯ ವೃತ್ತವೊಂದು ನಡುವೆ ಬಂದು ಕೂರುತ್ತದೆ. ದಿನಪತ್ರಿಕೆಯ ಅವಸರಕ್ಕೆ ಅದು ಆಗದ ಮಾತು. ಉಳಿದದ್ದು ಬರಿಯ ಹಲಂತ: ‘ನೀರ್’, ‘ಕಣ್ಣ್’. ಹೆಚ್ಚಿನ ತುಳು ಲೇಖಕರ ಕೈಬರಹ ಇಂದು ಈ ಕಡೆಗೇ ವಾಲಿದೆ. ನಮ್ಮ ಸಲಹೆಯೂ ಇದೇ. ಆದರೆ ಇದರ ಕೊರತೆಯನ್ನು ಅರಿತೇ ಒಪ್ಪಬೇಕು. ‘ರಮೇಶ್’ ಎಂಬ ಹೆಸರಿನ ಕೊನೆಯ ಹಲಂತದಲ್ಲಿ ಸ್ವರವಿಲ್ಲ, ‘ನೀರ್’ ಪದದ ಕೊನೆಯ ಹಲಂತದಲ್ಲಿ ಸ್ವರವಿದೆ. ಒಂದೇ ಗುರುತು ಎರಡು ಕೆಲಸ ಮಾಡುತ್ತಿದೆ.

ಅಲ್ಲಿ ಸ್ವರ ಇದೆ ಎನ್ನುವುದಕ್ಕೆ ತುಳು ಬರೆಯುವವರ ಕೈಯೇ ಸಾಕ್ಷಿ. ‘ಬಂತು’ ಎನ್ನಲು ‘ಬತ್ತ್ಂಡ್’ ಎಂದು ಬರೆಯುತ್ತಾರಲ್ಲ, ಅದನ್ನು ಗಮನಿಸಿ. ಕನ್ನಡ ವ್ಯಾಕರಣದ ಪ್ರಕಾರ ಸೊನ್ನೆ ಕೂರಬೇಕಾದ್ದು ಸ್ವರದ ಬೆನ್ನಿಗೆ. ಹಲಂತದ ಬೆನ್ನಿಗೆ ಸೊನ್ನೆ ಬರುವಂತಿಲ್ಲ. ಆದರೂ ಯಾರೂ ಹೇಳಿಕೊಡದೆ ಎಲ್ಲರೂ ಹಾಗೆ ಬರೆಯುತ್ತಾರೆ, ಏಕೆಂದರೆ ಅವರ ಕಿವಿ ಅಲ್ಲಿ ಸ್ವರವನ್ನು ಕೇಳುತ್ತಿದೆ.

ಈ ಸಣ್ಣ ಸ್ವರ ತುಳುವಿನ ಸೊತ್ತು ಮಾತ್ರವಲ್ಲ. ತುರ್ಕಿ ಭಾಷೆಯಲ್ಲೂ ಇದೇ ಇದೆ. ಅರಬ್ಬಿ ಲಿಪಿಯಲ್ಲಿ ಬರೆಯುತ್ತಿದ್ದ ಕಾಲಕ್ಕೆ ಅವರಿಗೂ ಸ್ವರಾಕ್ಷರಗಳ ಕೊರತೆ ಇತ್ತು. 1928ರಲ್ಲಿ ರೋಮನ್ ಲಿಪಿಗೆ ಬಂದಾಗ ‘ಐ’ ಅಕ್ಷರದ ತಲೆಯ ಮೇಲಿನ ಚುಕ್ಕಿಯನ್ನು ತೆಗೆದು, ಚುಕ್ಕಿ ಇಲ್ಲದ್ದನ್ನು ಈ ಸ್ವರಕ್ಕೆ, ಇರುವುದನ್ನು ‘ಇ’ಕಾರಕ್ಕೆ ಇಟ್ಟರು. ದೊಡ್ಡಕ್ಷರದಲ್ಲೂ ಈ ಭೇದ ಉಳಿಯಲೆಂದು ಒಂದಕ್ಕೆ ಚುಕ್ಕಿ ಕೊಟ್ಟರು. ಕಂಪ್ಯೂಟರ್ ಬಂದ ಮೇಲೆ ಇದರಿಂದ ಹೊಸ ತಲೆನೋವು ಹುಟ್ಟಿತು: ಇಂಗ್ಲಿಷಿನ ಲೆಕ್ಕದಲ್ಲಿ ಸಣ್ಣಕ್ಷರವನ್ನು ದೊಡ್ಡಕ್ಷರ ಮಾಡುವ ಪ್ರೋಗ್ರಾಮುಗಳು ತುರ್ಕಿಯ ಎರಡು ಅಕ್ಷರಗಳನ್ನು ಬೆರೆಸಿಬಿಡುತ್ತವೆ. ಕೊರಿಯಾದಲ್ಲಿ ದೊರೆ ಸೆಜೊಂಗ್ 1446ರಲ್ಲಿ ಹೊರತಂದ ಹಂಗುಲ್ ಲಿಪಿಯಲ್ಲಿ ಇದೇ ಸ್ವರಕ್ಕೆ ಒಂದು ಅಡ್ಡಗೆರೆ, ಅಷ್ಟೆ. ಲಿಪಿ ಮಾಡುವಾಗಲೇ ಸ್ವರವನ್ನು ಗುರುತಿಸಿದ್ದರಿಂದ ಅವರಿಗೆ ಆಮೇಲೆ ತೇಪೆ ಹಾಕುವ ಕೆಲಸ ಬರಲಿಲ್ಲ.

ನಮಗೆ ಹೆಚ್ಚು ಹತ್ತಿರದ ಪಾಠ ಮಲಯಾಳದ್ದು. ಕಾಸರಗೋಡಿನಲ್ಲಿ ಎರಡೂ ಲಿಪಿ ಓದುವವರಿಗೆ ಇದು ಗೊತ್ತಿರುವ ಸಂಗತಿ. ಮಲಯಾಳದಲ್ಲಿ ಈ ಸ್ವರಕ್ಕೆ ಸಂವೃತೋಕಾರ ಎಂಬ ಹೆಸರಿದೆ, ನಮ್ಮ ಹಲಂತದಂಥದೇ ಚಂದ್ರಕ್ಕಲ ಎಂಬ ಗುರುತಿದೆ. ಉತ್ತರ ಕೇರಳದ ಹಳೆಯ ರೂಢಿಯಲ್ಲಿ ಕೊಂಬು ಮತ್ತು ಚಂದ್ರಕ್ಕಲ ಎರಡನ್ನೂ ಹಾಕುವುದಿತ್ತು. ಈಗ ಸಾಮಾನ್ಯವಾಗಿ ಚಂದ್ರಕ್ಕಲ ಒಂದೇ. ಹಾಗಾದರೆ ಸ್ವರವಿಲ್ಲದ ವ್ಯಂಜನವನ್ನು ಹೇಗೆ ತೋರಿಸುತ್ತಾರೆ? ಅದಕ್ಕೆ ಚಿಲ್ಲು ಎಂಬ ಬೇರೆಯೇ ಅಕ್ಷರರೂಪ ಇದೆ. ‘ಅವನು’ ಎಂಬುದನ್ನು ಚಿಲ್ಲಿನಲ್ಲಿ, ‘ಅವನಿಗೆ’ ಎಂಬುದನ್ನು ಚಂದ್ರಕ್ಕಲದಲ್ಲಿ ಬರೆಯುತ್ತಾರೆ. ಇವೆರಡನ್ನೂ ಕನ್ನಡ ಲಿಪಿಯಲ್ಲಿ ಬರೆದರೆ ಕಾಣುವುದು ‘ಅವನ್’, ‘ಅವನ್’! ಅರ್ಥವೇ ಬದಲಾಗುವ ಈ ಭೇದ ಕಂಪ್ಯೂಟರಿನಲ್ಲಿ ಉಳಿಯಬೇಕು ಎಂದು ವರ್ಷಗಟ್ಟಲೆ ವಾದ ನಡೆದು, ಕಡೆಗೆ ಲಿಪಿಗಳಿಗೆ ಕಂಪ್ಯೂಟರ್ ಸಂಕೇತ ಕೊಡುವ ಯುನಿಕೋಡಿನ 2008ರ 5.1 ಆವೃತ್ತಿಯಲ್ಲಿ ಚಿಲ್ಲುಗಳಿಗೆ ಪ್ರತ್ಯೇಕ ಸಂಕೇತಗಳು ಸಿಕ್ಕವು. ಕನ್ನಡ ಲಿಪಿಗೆ ಚಿಲ್ಲು ಇಲ್ಲ, ಹೊಸದಾಗಿ ತರುವ ಅಗತ್ಯವೂ ಕಾಣುವುದಿಲ್ಲ. ತುಳುವಿನಲ್ಲಿ ಆ ಗೊಂದಲ ಹೆಚ್ಚಾಗಿ ಹೆಸರುಗಳಲ್ಲಿ, ಎರವಲು ಪದಗಳಲ್ಲಿ ಮಾತ್ರ ಬರುತ್ತದೆ, ಅರ್ಥ ಕೆಡುವುದಿಲ್ಲ.

ಅರ್ಥ ಕೆಡುವುದು ಬೇರೆ ಕಡೆ, ಪ್ರತ್ಯಯ ಸೇರುವಲ್ಲಿ. ಮುದ್ರಣದಲ್ಲಿ ಅತಿ ಹೆಚ್ಚು ತಪ್ಪು ನುಸುಳುವ ಜಾಗ ಇದು, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳಬೇಕಾಗಿದೆ. ‘ನೀರ್’ ಪದಕ್ಕೆ ‘ಡ್’ ಸೇರಿದಾಗ ಕಂಪ್ಯೂಟರಿಗೆ ಕಾಣುವುದು ರಕಾರ, ಹಲಂತ, ಡಕಾರ ಇಷ್ಟೆ. ಕನ್ನಡದ ನಿಯಮದಂತೆ ಅದು ಒತ್ತಕ್ಷರ ಮಾಡಿಬಿಡುತ್ತದೆ. ರಕಾರವಾದ್ದರಿಂದ ಅರ್ಕಾವೊತ್ತು ಬಂದು ‘ನೀರ್ಡ್’ ಆಗುತ್ತದೆ. ನಡುವಿನ ಸ್ವರ ಹೋಯಿತು, ಎರಡು ವ್ಯಂಜನ ಗುದ್ದಿಕೊಂಡವು. ಓದುವವರು ಅಲ್ಲೇ ಮುಗ್ಗರಿಸುತ್ತಾರೆ. ಇದನ್ನು ತಡೆಯುವ ಉಪಾಯ, ಹಲಂತದ ನಂತರ ಕಣ್ಣಿಗೆ ಕಾಣದ ಒಂದು ಸಂಕೇತ ಇಡುವುದು. ಟೈಪಿಂಗ್ ಮಾಡುವವರು ಅದನ್ನು ನಾನ್-ಜಾಯ್ನರ್ ಎನ್ನುತ್ತಾರೆ. ಅದಿದ್ದರೆ ‘ನೀರ್‌ಡ್’, ‘ನೀರ್‌ದ’, ‘ಮಲ್ತ್‌ದ್’ ಎಂದು ಅಕ್ಷರಗಳು ಬಿಡಿಯಾಗಿ ನಿಲ್ಲುತ್ತವೆ. ಕನ್ನಡದಲ್ಲೂ ಇದೇ ಕಾಟ ಇದೆ: ‘ಬಸ್‌ನಲ್ಲಿ’ ಎಂಬುದು ‘ಬಸ್ನಲ್ಲಿ’ ಆಗುವುದು ಈ ಸಂಕೇತ ಬಿಟ್ಟುಹೋದಾಗ.

ಬಿಟ್ಟುಹೋಗುವುದು ಏಕೆ? ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಶೈಲಿಗಳಲ್ಲಿ ಪ್ರತಿ ಅಕ್ಷರದ ಆಕಾರವನ್ನೇ ಕೂಡಿಸಿ ಇಡಲಾಗುತ್ತಿತ್ತು. ಬಿಡಿಯಾಗಿ ಟೈಪಿಸಿದ್ದು ಬಿಡಿಯಾಗಿಯೇ ಉಳಿಯುತ್ತಿತ್ತು, ತಡೆಯುವ ಸಂಕೇತ ಬೇಕಾಗಿರಲಿಲ್ಲ. ಅದನ್ನು ಯುನಿಕೋಡಿಗೆ ಪರಿವರ್ತಿಸುವಾಗ ಪರಿವರ್ತಕ ತಾನಾಗಿ ನಾನ್-ಜಾಯ್ನರ್ ಹಾಕದಿದ್ದರೆ ಬಿಡಿ ಅಕ್ಷರಗಳು ಒತ್ತಾಗಿ ಅಂಟಿಕೊಳ್ಳುತ್ತವೆ. ಓದುಗರು ಮೊಬೈಲಿನಿಂದ ಕಳಿಸುವ ಬರಹಗಳಲ್ಲಂತೂ ಒಬ್ಬರದರಲ್ಲಿ ಸಂಕೇತ ಇರುತ್ತದೆ, ಇನ್ನೊಬ್ಬರದರಲ್ಲಿ ಇರುವುದಿಲ್ಲ. ವರ್ಡ್ ಕಡತದಲ್ಲಿ ತಿದ್ದುವುದಾದರೆ ಹಲಂತದ ನಂತರ 200 ಎಂಬ ಅಂಕಿಗೆ ಇಂಗ್ಲಿಷಿನ ‘ಸಿ’ ಅಕ್ಷರ ಸೇರಿಸಿ, ಆಲ್ಟ್ ಕೀಲಿಯ ಜೊತೆ ‘ಎಕ್ಸ್’ ಒತ್ತಿದರೆ ಸಾಕು, ನಾನ್-ಜಾಯ್ನರ್ ಬರುತ್ತದೆ. ಪುಟ ಕಟ್ಟುವ ಇನ್‌ಡಿಸೈನ್‌ನಲ್ಲಿ ವಿಶೇಷ ಅಕ್ಷರಗಳ ಪಟ್ಟಿಯಲ್ಲೇ ಅದು ಇದೆ. ಆದರೆ ಅಲ್ಲಿ ಪ್ಯಾರಾಗ್ರಾಫ್ ಫಲಕದಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆಯ್ಕೆ ಆಗಿರಬೇಕು, ಇಲ್ಲವಾದರೆ ಕನ್ನಡದ ಒತ್ತಕ್ಷರಗಳೇ ಚದುರುತ್ತವೆ, ತುಳುವಿನ ಮಾತು ಹಾಗಿರಲಿ. ಇನ್ನೊಂದು ಎಚ್ಚರ: ಸಂಕೇತ ಇರುವ ‘ನೀರ್‌ಡ್’ ಮತ್ತು ಇಲ್ಲದ ‘ನೀರ್ಡ್’ ಹುಡುಕು–ಬದಲಿಸು ಮಾಡುವಾಗ ಎರಡು ಬೇರೆ ಪದಗಳು. ಒಂದನ್ನು ಹುಡುಕಿ ತಿದ್ದಿದರೆ ಇನ್ನೊಂದು ಹಾಗೆಯೇ ಅಚ್ಚಿಗೆ ಹೋಗುತ್ತದೆ. ಎರಡು ಸಲ ಹುಡುಕಬೇಕು.

ಮೇಲೆ ಹೇಳಿದ ‘ಬತ್ತ್ಂಡ್’ ಪದವನ್ನು ಬಳಕೆಯಲ್ಲಿರುವಂತೆಯೇ ಉಳಿಸಬಹುದು. ಆದರೆ ಪತ್ರಿಕೆ ಬಳಸುವ ಅಕ್ಷರಶೈಲಿಯಲ್ಲಿ ಒಮ್ಮೆ ಪ್ರಯೋಗ ಮಾಡಿ ನೋಡಬೇಕು. ಸೊನ್ನೆಯ ಹಿಂದೆ ಚುಕ್ಕಿವೃತ್ತ ಬರುವುದಾದರೆ ಸೊನ್ನೆಯ ಬದಲು ಣಕಾರವನ್ನೇ ಬಿಡಿಸಿ ‘ಬತ್ತ್‌ಣ್ಡ್’ ಎನ್ನುವುದು ಕ್ಷೇಮ.

ಕೆಲವರು ಕೇಳುವ ಪ್ರಶ್ನೆ: ಒಂದು ಕಡೆ ‘ನೀರ್’, ಪ್ರತ್ಯಯ ಬಂದಾಗ ಓದಲು ಸುಲಭವೆಂದು ‘ನೀರುದ’ ಎಂದರೆ ಏನು ನಷ್ಟ? ಇಲ್ಲಿ ಬೇರೆ ಭಾಷೆಗಳ ಅನುಭವ ನೆರವಿಗೆ ಬರುತ್ತದೆ. ಕಾಗುಣಿತ ಎಂದರೆ ಸದ್ದನ್ನು ಹಿಡಿದಿಡುವುದು ಮಾತ್ರವಲ್ಲ, ಒಂದು ಪದದ ಮುಖ ಎಲ್ಲಿ ಕಂಡರೂ ಗುರುತು ಸಿಗುವಂತೆ ಇಡುವುದೂ ಹೌದು. ಜರ್ಮನರು ನಾಯಿಯನ್ನು ‘ಹುಂಟ್’ ಎಂದು ಉಚ್ಚರಿಸುತ್ತಾರೆ, ಬರೆಯುವಾಗ ಕೊನೆಗೆ ಡಕಾರವನ್ನೇ ಬರೆಯುತ್ತಾರೆ. ಏಕೆಂದರೆ ಬಹುವಚನ ‘ಹುಂಡೆ’. ಇಂಗ್ಲಿಷಿನ ‘ಸೈನ್’ ಪದದಲ್ಲಿ ಉಚ್ಚಾರವಾಗದ ‘ಜಿ’ ಅಕ್ಷರ ಕೂತಿರುವುದು ‘ಸಿಗ್ನೇಚರ್’ ಜೊತೆಗಿನ ನಂಟನ್ನು ತೋರಿಸುತ್ತದೆ. ಕೊರಿಯನ್ನರು 1933ರಲ್ಲಿ ತಮ್ಮ ಕಾಗುಣಿತವನ್ನು ಒಂದು ದಾರಿಗೆ ತಂದಾಗ ಇದನ್ನೇ ತತ್ತ್ವವಾಗಿ ಇಟ್ಟುಕೊಂಡರು: ಉಚ್ಚಾರದಲ್ಲಿ ಎಷ್ಟೇ ಬದಲಾದರೂ ಮೂಲಪದವನ್ನು ಒಂದೇ ರೂಪದಲ್ಲಿ ಬರೆಯುವುದು. ತುಳುವಿಗೂ ಇದು ಒಪ್ಪುತ್ತದೆ. ನೀರ್, ನೀರ್‌ದ, ನೀರ್‌ಡ್ ಎಂದು ಬರೆದರೆ ಮೂರರಲ್ಲೂ ‘ನೀರ್’ ಕಣ್ಣಿಗೆ ಬೀಳುತ್ತದೆ. ನಿಘಂಟಿನಲ್ಲಿ ಹುಡುಕುವವರಿಗೂ ದಾರಿ ಸಿಗುತ್ತದೆ.

ಮೂಲಪದವೇ ನಿಜವಾಗಿ ಬದಲಾಗುವಲ್ಲಿ ಮಾತ್ರ ಬದಲಾದದ್ದನ್ನೇ ಬರೆಯಬೇಕು. ಮನೆಯಲ್ಲಿ ಎನ್ನಲು ‘ಇಲ್ಲಡ್’, ಮನೆಯ ಎನ್ನಲು ‘ಇಲ್ಲದ’. ಇಲ್ಲಿ ಕೇಳುವುದು ಸ್ಪಷ್ಟವಾದ ಅಕಾರ. ಆದರೆ ಕನ್ನಡ ವರದಿಯ ನಡುವೆ ‘ಇಲ್ಲದ ಪುದರ್’ ಎಂದು ಬಂದರೆ ಮನೆಯ ಹೆಸರು ಎಂಬ ಅರ್ಥ ಹೋಗಿ, ಹೆಸರೇ ಇಲ್ಲ ಎಂದು ಓದಿಕೊಳ್ಳುವ ಸಂಭವ ಇದೆ. ಆದ್ದರಿಂದ ಕನ್ನಡ ವಾಕ್ಯದೊಳಗೆ ಬರುವ ತುಳು ಮಾತನ್ನು ಉದ್ಧರಣ ಚಿಹ್ನೆಯೊಳಗೆ ಇಡುವ ನಿಯಮವೂ ಬೇಕು.

ಎಕಾರದ ಸಂಗತಿ ಬೇರೆ. ತುಳುವಿನಲ್ಲಿ ಎರಡು ಎಕಾರಗಳಿವೆ, ಒಂದು ಕನ್ನಡದಂತೆ, ಇನ್ನೊಂದು ಬಾಯಿ ಸ್ವಲ್ಪ ಹೆಚ್ಚು ತೆರೆದು ಹೇಳುವಂಥದು. ‘ನಾನು ಮಾಡುತ್ತೇನೆ’ ಮತ್ತು ‘ಅವನು ಮಾಡುತ್ತಾನೆ’ ಎರಡಕ್ಕೂ ಬರಹದಲ್ಲಿ ‘ಮಲ್ಪುವೆ’. ಬಾಯಲ್ಲಿ ಹೇಳುವಾಗ ‘ನಾನು’ ಎಂಬುದಕ್ಕೆ ತೆರೆದ ಎಕಾರ, ‘ಅವನು’ ಎಂಬುದಕ್ಕೆ ಮುಚ್ಚಿದ ಎಕಾರ. ಇದಕ್ಕೆ ಹೊಸ ಗುರುತು ತರುವುದು ಬೇಡ ಎಂಬುದೇ ನಮ್ಮ ಅಭಿಪ್ರಾಯ. ಶೀರ್ಷಿಕೆಯಂಥ ಕಡೆ ಗೊಂದಲವಾಗುವಂತಿದ್ದರೆ ‘ಯಾನ್’ (ನಾನು) ಅಥವಾ ‘ಆಯೆ’ (ಅವನು) ಸೇರಿಸಿದರೆ ಮುಗಿಯಿತು. ಪ್ರತಿ ಸದ್ದಿಗೂ ಒಂದು ಚಿಹ್ನೆ ಬೇಕೆಂದು ಹಟ ಹಿಡಿದ ಕಾಗುಣಿತವನ್ನು ಭಾಷಾವಿಜ್ಞಾನಿಗಳಲ್ಲದೆ ಬೇರೆ ಯಾರೂ ಬರೆಯುವುದಿಲ್ಲ.

ಪ್ರಾದೇಶಿಕ ಮತ್ತು ಸಮುದಾಯದ ರೂಪಗಳನ್ನು ತಪ್ಪೆಂದು ತಿದ್ದಬಾರದು. ತಕಾರ, ಸಕಾರ, ಹಕಾರಗಳು ಒಂದರ ಬದಲು ಒಂದು ಬರುವ ತೋಜು, ಸೋಜು, ಹೋಜು (ಕಾಣಿಸು) ಇವು ಕಾಗುಣಿತದ ದೋಷಗಳಲ್ಲ, ಜೀವಂತ ರೂಪಗಳು. ಒಬ್ಬರ ಮಾತನ್ನು ಉದ್ಧರಿಸುವಾಗ ಅವರು ಆಡಿದ ರೂಪವನ್ನೇ ಕೊಡಬೇಕು. ಪತ್ರಿಕೆಯ ಸ್ವಂತ ತುಳು ಬರಹಕ್ಕೆ ಮಾತ್ರ ಒಂದು ರೂಪ ಆರಿಸಿಕೊಂಡರೆ ಸಾಕು. ಆರಿಸಲು ಆಧಾರ ಹುಡುಕಿ ದೂರ ಹೋಗಬೇಕಾಗಿಲ್ಲ. ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ 1872ರಲ್ಲಿ ತುಳು ವ್ಯಾಕರಣವನ್ನೂ 1886ರಲ್ಲಿ ತುಳು–ಇಂಗ್ಲಿಷ್ ನಿಘಂಟನ್ನೂ ಅಚ್ಚು ಹಾಕಿದರು. ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರ ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ 1997ರ ನಡುವೆ ಆರು ಸಂಪುಟಗಳ ತುಳು ನಿಘಂಟನ್ನು ಹೊರತಂದಿದೆ. ಅದರಲ್ಲಿ ಪ್ರದೇಶವಾರು, ಸಮುದಾಯವಾರು ರೂಪಗಳೂ ಇವೆ. ಸಂಶಯ ಬಂದಾಗ ಅಲ್ಲಿಯ ಮುಖ್ಯ ನಮೂದನ್ನು ಹಿಡಿಯುವುದು ಎಂದು ಒಂದು ಸಾಲು ಬರೆದಿಟ್ಟರೆ ಅರ್ಧ ವಾದ ಅಲ್ಲೇ ಮುಗಿಯುತ್ತದೆ.

ತುಳು ಲಿಪಿ ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. 2024ರ ಸೆಪ್ಟೆಂಬರಿನಲ್ಲಿ ಯುನಿಕೋಡ್ 16.0ರಲ್ಲಿ ತುಳು–ತಿಗಳಾರಿ ಲಿಪಿಗೆ ಸ್ಥಾನ ಸಿಕ್ಕಿದ್ದು ಸಂತೋಷದ ವಿಷಯ, ಬಹಳ ಜನರ ದುಡಿಮೆಯ ಫಲ. ಆದರೆ ಲಿಪಿ ಬೇರೆ, ಕಾಗುಣಿತ ಬೇರೆ. ಯಾವ ಲಿಪಿಯಲ್ಲಿ ಬರೆದರೂ ‘ನೀರ್’ ಪದದ ಕೊನೆಗೆ ಏನು ಹಾಕಬೇಕು ಎಂಬ ಪ್ರಶ್ನೆ ಹಾಗೆಯೇ ಉಳಿದಿರುತ್ತದೆ. ಕನ್ನಡ ಲಿಪಿಯಲ್ಲಿ ಅದನ್ನು ಇತ್ಯರ್ಥ ಮಾಡಿಕೊಂಡರೆ ತುಳು ಲಿಪಿಗೂ ಅದೇ ತಳಹದಿ ಆಗುತ್ತದೆ.

ಕೊಂಕಣಿಯಲ್ಲಿ ಪ್ರಾಣ ಇರುವುದು ಸೊನ್ನೆಯಲ್ಲಿ. ಏಕವಚನದಲ್ಲಿ ತೊ, ತಿ, ತೆಂ (ಅವನು, ಅವಳು, ಅದು) ಎಂದು ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕ. ಬಹುವಚನದಲ್ಲಿ ತೆ, ತ್ಯೊ, ತಿಂ. ‘ತೆಂ’ ಪದದ ಸೊನ್ನೆ ಬಿದ್ದರೆ ಲಿಂಗವೂ ವಚನವೂ ಒಟ್ಟಿಗೆ ಬದಲಾಗಿ ‘ತೆ’ ಆಗುತ್ತದೆ. ‘ತಿಂ’ ಪದದ ಸೊನ್ನೆ ಬಿದ್ದರೆ ಬಹುವಚನದ ಬದಲು ಒಬ್ಬ ಹೆಂಗಸು. ಕ್ರಿಯಾಪದಗಳೂ ಇದೇ ದಾರಿ ಹಿಡಿಯುತ್ತವೆ, ಕೆಲೆಂ ಮತ್ತು ಕೆಲೆ ಬೇರೆಬೇರೆ. ಕನ್ನಡ ಬಲ್ಲ ಕರಡು ತಿದ್ದುವವರು ಪದದ ಕೊನೆಯ ಸೊನ್ನೆಯನ್ನು ಕೈತಪ್ಪಿ ಬಿದ್ದದ್ದೆಂದು ತಿಳಿದು ತೆಗೆಯುವುದು ಇಲ್ಲಿಯ ದೊಡ್ಡ ಅಪಾಯ. ಕೊಂಕಣಿ ಬರಹದ ಸೊನ್ನೆಗೆ ಕೈ ಹಾಕಬಾರದು ಎಂಬ ಒಂದೇ ನಿಯಮ ಅರ್ಧಕ್ಕಿಂತ ಹೆಚ್ಚು ತಪ್ಪು ತಡೆಯುತ್ತದೆ.

ಆ ಸೊನ್ನೆ ಕನ್ನಡದ ಮಕಾರದ ಸೊನ್ನೆಯಲ್ಲ, ಮೂಗಿನಿಂದ ಹೊರಡುವ ಸ್ವರದ ಗುರುತು. ‘ಕಿತೆಂ’ ಎಂಬುದನ್ನು ‘ಕಿತೆಮ್’ ಎಂದು ಓದಿದರೆ ತಪ್ಪು. ಈ ಭೇದ ತೋರಿಸಲು ಕನ್ನಡ ಲಿಪಿಗೆ 2014ರಲ್ಲಿ ಚಂದ್ರಬಿಂದುವೂ, 2022ರ ಯುನಿಕೋಡ್ 15.0ರಲ್ಲಿ ಅಕ್ಷರದ ಬಲ ಮೇಲ್ತುದಿಯಲ್ಲಿ ಕೂರುವ ಸಣ್ಣ ಸೊನ್ನೆಯೂ ಸೇರಿವೆ. ಎರಡನೆಯದು ಕೊಂಕಣಿ, ಹವ್ಯಕ ಕನ್ನಡ ಮುಂತಾದವುಗಳ ಬರಹವನ್ನು ಮನಸ್ಸಿನಲ್ಲಿಟ್ಟೇ ಬಂದದ್ದು. ಆದರೆ ಎಲ್ಲ ಅಕ್ಷರಶೈಲಿಗಳಲ್ಲೂ ಅದು ಇನ್ನೂ ಇಲ್ಲ. ಪತ್ರಿಕೆಗೆ ಸದ್ಯಕ್ಕೆ ಮಾಮೂಲಿ ಸೊನ್ನೆಯೇ ಸಾಕು. ಜಕಾರದ ವಿಷಯವೂ ಇಂಥದೇ. ರೋಮನ್ ಲಿಪಿಯ ಕೊಂಕಣಿಯಲ್ಲಿ ‘ಜಾಲೆಂ’ ಪದಕ್ಕೆ ‘ಝೆಡ್’, ‘ಜಿವ್’ ಪದಕ್ಕೆ ‘ಜೆ’ ಅಕ್ಷರ. ಕನ್ನಡ ಲಿಪಿಯಲ್ಲಿ ಎರಡೂ ಜಕಾರ. ಮಾತಾಡುವವರಿಗೆ ಗೊತ್ತಿರುವುದರಿಂದ ಅದನ್ನು ಹಾಗೆಯೇ ಬಿಡಬಹುದು. ಕ್ರೈಸ್ತರ ‘ಹಾಂವ್’, ಗೌಡ ಸಾರಸ್ವತರ ‘ಹಾಂವ’ (ನಾನು) ಇವೆರಡನ್ನೂ ಒಂದು ಮಾಡಲು ಹೊರಡುವುದು ಪತ್ರಿಕೆಯ ಕೆಲಸವಲ್ಲ. ಬರೆದವರ ರೂಪ ಉಳಿಯಲಿ.

ಕರಾವಳಿಯ ಬ್ಯಾರಿ ಭಾಷೆಯ ಬರಹಗಳಲ್ಲಿ, ಮುಸ್ಲಿಮರ ಹೆಸರುಗಳಲ್ಲಿ ಒಂದು ಪತ್ರಿಕೆ ‘ಅಜೀಜ್’ ಎಂದರೆ ಇನ್ನೊಂದು ‘ಅಝೀಝ್’ ಎನ್ನುತ್ತದೆ. ಕನ್ನಡದಲ್ಲಿ ಝಕಾರಕ್ಕೆ ಬೇರೆ ಕೆಲಸ ಕಡಿಮೆ ಇರುವುದರಿಂದ ಆ ಸದ್ದಿಗೆ ಅದನ್ನು ಬಳಸುವುದು ಜಾಣತನದ ಆಯ್ಕೆ. ಜಕಾರದ ಕೆಳಗೆ ಚುಕ್ಕಿ ಇಡುವ ದಾರಿಯೂ ಇದೆ, ಆದರೆ ಸಣ್ಣ ಅಕ್ಷರದಲ್ಲಿ, ಪತ್ರಿಕೆಯ ಕಾಗದದ ಮೇಲೆ ಆ ಚುಕ್ಕಿ ಮಸಿಯಲ್ಲಿ ಅಳಿಸಿಹೋಗುತ್ತದೆ. ವ್ಯಕ್ತಿಯ ಹೆಸರಿನ ಮಟ್ಟಿಗೆ ಅವರು ಸ್ವತಃ ಬರೆಯುವ ರೂಪವೇ ಕೊನೆಯ ಮಾತು.

ಕನ್ನಡದ್ದೇ ಎರಡು ಸಂಗತಿ. ‘ರ‍್ಯಾಲಿ’, ‘ರ‍್ಯಾಂಕ್’ ಪದಗಳಲ್ಲಿ ರಕಾರ ಮೊದಲು, ಯಒತ್ತು ಕೆಳಗೆ ಇರಬೇಕು. ಹಾಗೇ ಟೈಪಿಸಿದರೆ ಅರ್ಕಾವೊತ್ತು ಬಂದು ‘ರ್ಯಾಲಿ’ ಆಗುತ್ತದೆ. ರಕಾರ ಮತ್ತು ಹಲಂತದ ನಡುವೆ ಜಾಯ್ನರ್ ಸಂಕೇತ ಇಡಬೇಕು, ವರ್ಡ್‌ನಲ್ಲಿ 200ಕ್ಕೆ ‘ಡಿ’ ಸೇರಿಸಿ ಆಲ್ಟ್–ಎಕ್ಸ್. ನಾನ್-ಜಾಯ್ನರ್ ಹಲಂತದ ನಂತರ, ಜಾಯ್ನರ್ ಹಲಂತದ ಮೊದಲು. ಈ ಸ್ಥಾನ ಅದಲುಬದಲಾದರೆ ಫಲ ಸಿಗುವುದಿಲ್ಲ.

ಎರಡನೆಯದು ಊರ ಹೆಸರು. ಸರಕಾರ 2014ರ ನವೆಂಬರ್ 1ರಂದು ಮಂಗಳೂರು ಸೇರಿ 12 ನಗರಗಳ ಇಂಗ್ಲಿಷ್ ಕಾಗುಣಿತವನ್ನು ಕನ್ನಡಕ್ಕೆ ಹೊಂದಿಸಿತು. ಆದರೆ ಕನ್ನಡದಲ್ಲೇ ನಾವು ಮೂಡುಬಿದಿರೆ, ಮೂಡಬಿದ್ರೆ, ಮೂಡುಬಿದ್ರಿ ಎಂದು ಮೂರು ಬಗೆ ಬರೆಯುತ್ತಿದ್ದೇವೆ. ಪಡುವಣದ ಪಡುಬಿದ್ರಿಗೂ ಹೀಗೇ ಎರಡು ಮೂರು ರೂಪ. ಎರಡರಲ್ಲೂ ಇರುವುದು ಅದೇ ಬಿದಿರು. ಮುಲ್ಕಿಯೋ ಮೂಲ್ಕಿಯೋ, ಬಜ್ಪೆಯೋ ಬಜಪೆಯೋ? ದಕ್ಷಿಣ ಕನ್ನಡ, ಉಡುಪಿ ಎರಡು ಜಿಲ್ಲೆಗಳ ಊರುಗಳ ಪಟ್ಟಿಯೊಂದನ್ನು ಒಮ್ಮೆ ಮಾಡಿಟ್ಟರೆ ನಿತ್ಯದ ವರದಿಗಳಲ್ಲಿ ಅದು ಎಲ್ಲಕ್ಕಿಂತ ಹೆಚ್ಚು ಬಳಕೆಗೆ ಬರುತ್ತದೆ. ತುಳು ಬರಹದಲ್ಲಿ ಮಂಗಳೂರಿಗೆ ಕುಡ್ಲ, ಉಡುಪಿಗೆ ಒಡಿಪು, ಮಂಗಳೂರಿಗೇ ಕೊಂಕಣಿಯಲ್ಲಿ ಕೊಡಿಯಾಲ್, ಬ್ಯಾರಿಯಲ್ಲಿ ಮೈಕಾಲ ಎಂದು ಆಯಾ ಭಾಷೆಯ ಹೆಸರುಗಳೂ ಅದೇ ಪಟ್ಟಿಯಲ್ಲಿರಲಿ.

ಇಂಥ ಕೆಲಸ ಅಕಾಡೆಮಿಗಳದ್ದು, ಪತ್ರಿಕೆಯದ್ದಲ್ಲ ಎನ್ನಬಹುದು. ತುಳು ಮತ್ತು ಕೊಂಕಣಿ ಅಕಾಡೆಮಿಗಳು 1994ರಿಂದಲೂ, ಬ್ಯಾರಿ ಅಕಾಡೆಮಿ 2009ರಿಂದಲೂ ಇವೆ, ಅವುಗಳ ಜೊತೆ ಕೂತೇ ಇದನ್ನು ಮಾಡಬೇಕು. ಆದರೆ ನಿಯಮ ಊರೂರಿಗೆ ತಲುಪುವುದು ದಿನಾ ಅಚ್ಚಾಗುವ ಕಾಗದದ ಮೂಲಕ. ಜರ್ಮನಿಯಲ್ಲಿ 1996ರಲ್ಲಿ ಸರಕಾರಗಳು ಒಪ್ಪಿದ ಕಾಗುಣಿತ ಸುಧಾರಣೆ ಎರಡು ವರ್ಷದಲ್ಲಿ ಜಾರಿಗೆ ಬಂತು. ಫ್ರಾಂಕ್‌ಫರ್ಟಿನ ‘ಫ್ರಾಂಕ್‌ಫುರ್ಟರ್ ಆಲ್ಗೆಮೈನೆ’ ಪತ್ರಿಕೆ 2000ದಲ್ಲಿ ಅದನ್ನು ಕೈಬಿಟ್ಟು ಹಳೆಯ ಕಾಗುಣಿತಕ್ಕೆ ಮರಳಿತು. 2006ರಲ್ಲಿ ನಿಯಮಗಳನ್ನು ತಿದ್ದಿದ ಮೇಲೆ, 2007ರ ಜನವರಿಯಲ್ಲಿ ಹೊಸದನ್ನು ಒಪ್ಪಿಕೊಂಡಿತು. ಪತ್ರಿಕೆಗಳು ಬರೆಯದ ಕಾಗುಣಿತ ಶಾಲೆಯ ಪುಸ್ತಕದ ಹೊರಗೆ ನಿಲ್ಲುವುದು ಕಷ್ಟ. ಮಂಗಳೂರಿಗೆ ಈ ಹೊಣೆ ಹೊಸದೂ ಅಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಬಂದದ್ದು ಇದೇ ಊರಿನಿಂದ, ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಅಚ್ಚಾದದ್ದೂ ಇಲ್ಲೇ.

ಕಾಗದ ಎರಡೇ ಪುಟದ್ದಾಗಿರಲಿ. ಮೊದಲ ಪುಟದಲ್ಲಿ ನಿಯಮಗಳು, ಹತ್ತಕ್ಕಿಂತ ಹೆಚ್ಚು ಬೇಡ. ಎರಡನೆಯ ಪುಟದಲ್ಲಿ ಅತಿ ಹೆಚ್ಚು ಬಳಕೆಯ ಇನ್ನೂರು ತುಳು ಪದಗಳು ತಮ್ಮ ವಿಭಕ್ತಿರೂಪಗಳೊಡನೆ, ಐವತ್ತು ಕೊಂಕಣಿ ಪದಗಳು, ಊರುಗಳ ಹೆಸರು. ಆರು ತಿಂಗಳು ಆದಿತ್ಯವಾರದ ತುಳು ಬರಹಗಳಿಗೆ ಮಾತ್ರ ಅನ್ವಯಿಸಿ ನೋಡಿ, ಎಡವಿದ ಪದಗಳನ್ನು ಬದಿಯಲ್ಲಿ ಗುರುತು ಮಾಡಿಕೊಂಡು, ಆಮೇಲೆ ಜಾಹೀರಾತಿಗೂ ತರಬಹುದು. ಜಾಹೀರಾತಿನಲ್ಲಿ ಹಣ ಕೊಟ್ಟವರ ಕಾಗುಣಿತವೇ ನಡೆಯುತ್ತದೆ ಎಂಬುದು ನಿಜ. ಆದರೆ ಕೌಂಟರಿನಲ್ಲಿ ಕೂತವರ ಕೈಯಲ್ಲಿ ಪಟ್ಟಿ ಇದ್ದರೆ, ‘ಹೀಗೆ ಬರೆಯೋಣವೇ?’ ಎಂದು ಕೇಳಿದರೆ ಹೆಚ್ಚಿನವರು ಬೇಡವೆನ್ನುವುದಿಲ್ಲ. ಪಟ್ಟಿಯ ಮೇಲೆ ದಿನಾಂಕ ಇರಲಿ, ವರ್ಷಕ್ಕೆ ಒಮ್ಮೆ ಮಾತ್ರ ತಿದ್ದುಪಡಿ ಆಗಲಿ, ತಿದ್ದಿದ ಪದಗಳನ್ನು ಓದುಗರಿಗೆ ತಿಳಿಸಿರಿ. ಶಾಲೆಗಳಲ್ಲಿ ತೃತೀಯ ಭಾಷೆಯಾಗಿ ತುಳು ಕಲಿಯುವ ಮಕ್ಕಳಿಗೂ ಕಲಿಸುವವರಿಗೂ ಅದರ ಪ್ರತಿ ಉಚಿತವಾಗಿ ಸಿಗುವಂತಾಗಲಿ.

ಇತಿ,
ತುಳು, ಕೊಂಕಣಿ, ಕನ್ನಡ ಕರಡು ತಿದ್ದುವ ಕೆಲಸದಲ್ಲಿರುವ ಕೆಲವು ಓದುಗರು
ಮಂಗಳೂರು ಮತ್ತು ಉಡುಪಿ